ಭಾವನ ಗಾಡಿಯ ಸ್ಟಾರ್ಟರ್

ಮೆಕ್ಯಾನಿಕ್ ಗಾಡಿಯ ಕೆಳಗೆ ಅಂಗಾತ ಮಲಗಿ, ಮೊಣಕೈವರೆಗೂ ತೋಳನ್ನು ಎಂಜಿನ್ನಿನ ಸಂದಿಗೆ ತೂರಿಸಿ, ಸ್ಟಾರ್ಟರ್ ಮೋಟಾರಿನ ಮೇಲಿನ ಬೋಲ್ಟನ್ನು ತಡಕಾಡುತ್ತಿದ್ದ. ಅದು ಕಣ್ಣಿಗೆ ಬೀಳುವ ಜಾಗದಲ್ಲಿರಲಿಲ್ಲ. ಈ ಗಾಡಿ ಮಾಡಿದವರು ಅಂದಚಂದದ ಬಗ್ಗೆ ಯೋಚಿಸಿದ್ದರೇ ಹೊರತು ಮುಂದೊಂದು ದಿನ ರಿಪೇರಿ ಮಾಡುವವನಿಗೂ ಎರಡು ಕೈ ಇರುತ್ತವೆ ಎಂದು ಯೋಚಿಸಿರಲಿಲ್ಲ.

"ಅಕ್ಕ, ಒಂದು ಕಡೆ ಕೂತ್ಕೋ. ನಿನ್ನ ಚಪ್ಪಲಿ ನೋಡಿ ನೋಡಿ ನನಗೆ ತಲೆ ತಿರುಗ್ತಿದೆ."

ಚಪ್ಪಲಿಗಳು ಶೆಡ್ಡಿನ ಬಾಗಿಲಿಗೆ ಹೋದವು, ಅಲ್ಲಿ ನಿಂತವು, ಮತ್ತೆ ವಾಪಸ್ ಬಂದವು.

"ಎಷ್ಟೊತ್ತಾಗುತ್ತೆ?"

"ಅದೆಲ್ಲ ಕೇಳಬಾರದು. ಹೆರಿಗೆ ಥರ ಇದು. ಬಂದಾಗ ಬಂತು."

ಅಕ್ಕ ನಗಲಿಲ್ಲ.

ಅದು ಭಾವನ ಗಾಡಿ. ಕೆಂಪು ಬಣ್ಣದ, ನೆಲಕ್ಕೆ ಅಂಟಿದಂತಿದ್ದ ಹಳೇ ಸ್ಪೋರ್ಟ್ಸ್ ಕಾರು. ಇಬ್ಬರಿಗೆ ಮಾತ್ರ ಜಾಗ. ಬಹಳ ದಿನಗಳಿಂದ ಅದರ ಕೀ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದಾಗಿ ಸುಮ್ಮನಾಗುತ್ತಿತ್ತು. ಭಾವ ಬಾನೆಟ್ ಎತ್ತಿ, ಉದ್ದದ ಕಬ್ಬಿಣದ ಸರಳನ್ನು ಕೆಳಗಿಳಿಸಿ, ಎಲ್ಲೋ ಒಂದು ಕಡೆ ಬಡಿಯುತ್ತಿದ್ದ. ಆಮೇಲೆ ಕೀ ತಿರುಗಿಸಿದರೆ ಗಾಡಿ ಹೂಂಕರಿಸಿ ಎದ್ದು ನಿಲ್ಲುತ್ತಿತ್ತು. ಬೇರೆಯವರು ಬಡಿದರೆ ಅದು ಕ್ಯಾರೇ ಅನ್ನುತ್ತಿರಲಿಲ್ಲ. ಮೋಟಾರು ಬದಲಾಯಿಸಿಕೊಡುತ್ತೇನೆಂದು ಮೆಕ್ಯಾನಿಕ್ ಎಷ್ಟೋ ಸಲ ಹೇಳಿದ್ದ. "ಬೇಡ ಕಣಯ್ಯ. ಹೀಗಿದ್ರೇನೇ ಕಳ್ಳನೂ ಕದಿಯಕ್ಕಾಗಲ್ಲ" ಎಂದು ಭಾವ ನಕ್ಕಿದ್ದ. ಮೆಕ್ಯಾನಿಕ್ಕೂ ನಕ್ಕಿದ್ದ.

ಹೋದ ತಿಂಗಳು ಅಕ್ಕ ಬಂದು, ಈ ಗಾಡಿಗೆ ಹೊಂದುವ ಮೋಟಾರು ಹುಡುಕಿಡು, ಭಾವನಿಗೆ ಮಾತ್ರ ಹೇಳಬೇಡ ಎಂದಿದ್ದಳು. ಗಂಡನಿಗೆ ಗುಟ್ಟಾಗಿ ಉಡುಗೊರೆ ಕೊಡುತ್ತಿದ್ದಾಳೆ ಎಂದು ಮೆಕ್ಯಾನಿಕ್ ಅಂದುಕೊಂಡಿದ್ದ. ಈವತ್ತು ಬೆಳಿಗ್ಗೆ ಭಾವ ಕಂಪನಿ ಬಸ್ಸು ಹತ್ತಿದ ಮೇಲೆ ಹೋಗಿ, ಹಗ್ಗ ಕಟ್ಟಿ ಗಾಡಿಯನ್ನು ಎಳೆದು ತಂದಿದ್ದ.

ಕೊನೆಗೂ ಬೋಲ್ಟು ಸಡಿಲಾಯಿತು. ಹಳೇ ಮೋಟಾರನ್ನು ಎದೆಯ ಮೇಲೆ ಇಳಿಸಿಕೊಂಡು ಹೊರಗೆ ಬಂದ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಕರೆಂಟು ಹಾಯಿಸುವ ಕಾರ್ಬನ್ ತುಂಡು ಸವೆದು ಉಗುರಿನಷ್ಟಾಗಿತ್ತು. ಹೊರಮೈಯ ಒಂದೇ ಜಾಗದಲ್ಲಿ, ಏಟಿನ ಮೇಲೆ ಏಟು ಬಿದ್ದು, ಕಬ್ಬಿಣ ಗುಳಿ ಬಿದ್ದಿತ್ತು.

"ಇಲ್ನೋಡು, ಭಾವನ ಏಟು! ಒಂದೂ ಆಚೀಚೆ ಬಿದ್ದಿಲ್ಲ. ಏನು ಗುರಿ ಅಂತೀಯ!"

"ಗೊತ್ತು" ಎಂದಳು ಅಕ್ಕ. ನೋಡಲಿಲ್ಲ. ನೀರಿನ ಬಾಟಲಿ ಹಿಡಿದು ಹಿತ್ತಲಿನ ನಲ್ಲಿಗೆ ಹೋದಳು.

ಮೆಕ್ಯಾನಿಕ್ಕಿನ ಬಾಯಿ ಸುಮ್ಮನಿರುವ ಜಾತಿಯದಲ್ಲ. ಅದರಲ್ಲೂ ಭಾವನನ್ನು ಕೆಣಕಲು ಇಷ್ಟು ಒಳ್ಳೆಯ ಸಂದರ್ಭ ಸಿಕ್ಕಾಗ ಯಾವ ಭಾಮೈದ ಬಿಟ್ಟಾನು? ಕೈ ಒರೆಸಿಕೊಂಡು ಫೋನು ಹಚ್ಚಿದ.

"ಭಾವ, ನಿಮ್ಮ ಮಂತ್ರದಂಡಕ್ಕೆ ಇವತ್ತಿಂದ ರಜಾ! ಹಳೇ ಮೋಟಾರು ನನ್ನ ತೊಡೆ ಮೇಲೆ ಮಲಗಿದೆ."

ಭಾವ ಯಾವಾಗಲೂ ಒಂದಕ್ಕೆ ಎರಡು ಸೇರಿಸಿ ಕೊಡುತ್ತಿದ್ದ. ಈ ಸಲ ಬರೀ ಪ್ರಶ್ನೆ ಬಂತು.

"ಗಾಡಿ ಯಾರು ತಂದಿದ್ದು?"

"ಅಕ್ಕಾನೇ ತರಿಸಿದ್ದು. ನಿಮಗೆ ಗುಟ್ಟಾಗಿ…"

"ಅವಳು ಅಲ್ಲೇ ಇದ್ದಾಳಾ?"

"ಇದ್ದಾಳೆ. ಕೊಡಲಾ?"

"ಬೇಡ." ದನಿ ಬೆಣ್ಣೆಯಷ್ಟು ಮೆತ್ತಗಿತ್ತು. "ನಾನು ಬರೋವರೆಗೂ ಅಲ್ಲೇ ಇರಲಿ. ನೋಡ್ಕೋ."

ಫೋನು ಇಡುವಾಗ ಅಕ್ಕ ಬಾಗಿಲಲ್ಲಿದ್ದಳು.

"ಹೇಳ್ಬಿಟ್ಯಾ?"

"ತಮಾಷೆಗೆ ಅಂತ… ಅದಕ್ಕ್ಯಾಕೆ ಮುಖ ಹಾಗ್ಮಾಡ್ಕೊಂಡೆ?"

ಅವಳು ಬಾಟಲಿಯ ಮುಚ್ಚಳವನ್ನು ತಿರುಗಿಸಿ, ಬಿಗಿಯಾದ ಮೇಲೂ ತಿರುಗಿಸಿದಳು. "ಮನೆ ಬಿಟ್ಟು ಎರಡು ಸಲ ಬಸ್ ಹತ್ತಿದೆ. ಎರಡು ಸಲಾನೂ ನಿನ್ನ ಭಾವ ಇದೇ ಗಾಡೀಲಿ ಹಿಂದೆ ಬಂದು, ಬಸ್ಸಿಗೆ ಅಡ್ಡ ಹಾಕಿ ಇಳಿಸ್ಕೊಂಡು ಹೋದ್ರು. ಜನರ ಮುಂದೆ ನಗ್ತಾ ನಗ್ತಾನೇ. ಮನೆ ಬಾಗಿಲು ಹಾಕಿದ ಮೇಲೆ ನಗಲಿಲ್ಲ."

"ನನಗೊಂದು ಮಾತು ಹೇಳೋದಲ್ವಾ?"

"ಹೇಳಿದ್ದೆ. 'ಭಾವ ಅಂಥವರಲ್ಲ, ನೀನೇ ಸ್ವಲ್ಪ ಹೊಂದ್ಕೊಂಡು ಹೋಗು' ಅಂದ್ಬಿಟ್ಟೆ ನೀನು."

ಮೆಕ್ಯಾನಿಕ್ ಹೊಸ ಮೋಟಾರನ್ನು ಎತ್ತಿಕೊಂಡು ಗಾಡಿಯ ಕೆಳಗೆ ನುಸುಳಿದ.

ಅವಸರದ ಕೈಗೆ ಕಬ್ಬಿಣ ಬಗ್ಗುವುದಿಲ್ಲ. ಒಂದು ಕೈಯಲ್ಲಿ ಮೋಟಾರನ್ನು ಎತ್ತಿ ಹಿಡಿದ. ಮೇಲಿನ ಬೋಲ್ಟು ತೂತಿಗೆ ಕೂರದೆ ಒಮ್ಮೆ ಜಾರಿ ಮುಖದ ಪಕ್ಕಕ್ಕೇ ಬಿತ್ತು. ಗೆಣ್ಣಿನ ಚರ್ಮ ಸುಲಿದು ಹೋಯಿತು. ಬಾಯಿಗೆ ಬಂದಂತೆ ಬಯ್ದ, ಗಾಡಿಯನ್ನೋ, ಭಾವನನ್ನೋ, ತನ್ನನ್ನೋ. ಅಕ್ಕ ನೆಲಕ್ಕೆ ಮಂಡಿಯೂರಿ ಟಾರ್ಚು ಹಿಡಿದಿದ್ದಳು. ಆ ಬೆಳಕು ಒಂದಿಷ್ಟೂ ಅಲುಗಲಿಲ್ಲ. ರಸ್ತೆಯಲ್ಲಿ ಆಟೋ ಸದ್ದಾದಾಗಲೆಲ್ಲ ಇಬ್ಬರೂ ಉಸಿರು ಹಿಡಿದರು. ಅದು ಮುಂದೆ ಹೋದ ಮೇಲೆ ಬಿಟ್ಟರು.

ಬೋಲ್ಟು ಕಚ್ಚಿತು. ದಪ್ಪ ತಂತಿ, ಸಣ್ಣ ತಂತಿ, ಕೊನೆಗೆ ಬ್ಯಾಟರಿ. ಜಾಕಿ ಇಳಿಸಿದ.

"ತಿರುಗಿಸು."

ಗಾಡಿ ಒಂದೇ ಸಲಕ್ಕೆ ಎದ್ದಿತು. ಮೆಕ್ಯಾನಿಕ್ ಕಿಟಕಿಯಿಂದ ಬಗ್ಗಿ ನೋಡಿದ. "ಪೆಟ್ರೋಲ್ ಅರ್ಧ ಟ್ಯಾಂಕ್ ತೋರಿಸ್ತಿದೆ. ಸಾಕು. ಎಲ್ಲಿಗೆ ಹೋಗ್ತೀಯ?"

"ನಿನಗೆ ಹೇಳಲ್ಲ ಕಣೋ" ಎಂದು ಅಕ್ಕ ಅವನ ಕೆನ್ನೆಯ ಮಸಿಯನ್ನು ಹೆಬ್ಬೆರಳಲ್ಲಿ ಒರೆಸಿದಳು. ಶೆಡ್ಡು ದಾಟಿ ಬಲಕ್ಕೆ ತಿರುಗಿದಳು. ಸದ್ದು ಕೇಳುವಷ್ಟು ಹೊತ್ತೂ ಅವನು ಅಲ್ಲೇ ನಿಂತಿದ್ದ.

ಹೆಚ್ಚು ಹೊತ್ತಾಗಿರಲಿಲ್ಲ, ಆಟೋದಿಂದ ಭಾವ ಇಳಿದ. ಇಸ್ತ್ರಿ ಕೆಡದ ಅಂಗಿ. ಗಾಡಿ ನಿಂತಿದ್ದ ಖಾಲಿ ಜಾಗವನ್ನು ನೋಡಿದ.

"ಟ್ರಯಲ್‌ಗೆ ಹೋಗಿದ್ದಾಳೆ ಭಾವ. ಬರ್ತಾಳೆ, ಕೂತ್ಕೊಳ್ಳಿ."

ಭಾವ ಸ್ಟೂಲನ್ನು ಕರವಸ್ತ್ರದಿಂದ ಒರೆಸಿ ಕೂತ. "ಪೆಟ್ರೋಲ್ ಮುಳ್ಳು ಅರ್ಧದಲ್ಲಿತ್ತು, ಅಲ್ವಾ?"

ಮೆಕ್ಯಾನಿಕ್ ಹರಡಿದ್ದ ಸ್ಪ್ಯಾನರ್‌ಗಳನ್ನು ಡಬ್ಬಿಗೆ ಹಾಕತೊಡಗಿದ.

"ಅದು ಯಾವಾಗ್ಲೂ ಅಲ್ಲೇ ನಿಂತಿರುತ್ತೆ. ಕೆಟ್ಟಿದೆ. ಒಳಗೆಷ್ಟಿದೆ ಅಂತ ನನಗೆ ಗೊತ್ತು." ಆಗ ಭಾವ ನಕ್ಕ, ಎಂದಿನ ನಗೆಯನ್ನೇ. "ಊರು ದಾಟ್ತಿದ್ದಂಗೆ ನಿಂತುಹೋಗುತ್ತೆ. ಪಾಪ, ಬಿಸಿಲಲ್ಲಿ ಒಬ್ಬಳೇ. ಕ್ಯಾನಿಗೆ ಪೆಟ್ರೋಲ್ ಹಾಕ್ಕೋ, ಸ್ಕೂಟರ್ ತೆಗಿ. ಹೋಗಿ ಕರ್ಕೊಂಡು ಬರೋಣ."

ಮೆಕ್ಯಾನಿಕ್ ಕ್ಯಾನನ್ನು ಅಂಚಿನವರೆಗೂ ತುಂಬಿಸಿದ. ಅದನ್ನು ಕಾಲುಗಳ ನಡುವೆ ಇಟ್ಟುಕೊಂಡು ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಿದ. ಭಾವ ಹಿಂದೆ ಕೂತು ಅವನ ಹೆಗಲ ಮೇಲೆ ಕೈಯಿಟ್ಟ.

"ಯಾವ ಕಡೆ ಹೋದಳು?"

ಮೆಕ್ಯಾನಿಕ್ ಎಡಕ್ಕೆ ತಿರುಗಿಸಿದ. ಮುಂದೆ ರಸ್ತೆ ನೆಟ್ಟಗೆ ಖಾಲಿ ಬಿದ್ದಿತ್ತು. ಭಾವ ಆಗಾಗ ಹೆಗಲಿನಿಂದ ಕೈ ತೆಗೆದು ಹಣೆಗೆ ಮರೆ ಮಾಡಿ ದೂರಕ್ಕೆ ನೋಡುತ್ತಿದ್ದ, ಮತ್ತೆ ಹೆಗಲ ಮೇಲೇ ಇಡುತ್ತಿದ್ದ. ಪಾದಗಳ ನಡುವೆ ಕ್ಯಾನಿನ ಪೆಟ್ರೋಲು ಕುಲುಕಿ, ಮುಚ್ಚಳದ ಅಂಚಿನಿಂದ ಹನಿಹನಿಯಾಗಿ ಮೆಕ್ಯಾನಿಕ್ಕಿನ ಬೂಟಿನ ಮೇಲೆ ಬೀಳುತ್ತಿತ್ತು.