ಔಟ್‌ಬಾಕ್ಸಿನಲ್ಲಿ ನಿಂತ ಕುದುರೆ

ನಾನು ಒಂದು ಕಂಪ್ಯೂಟರ್. ನನ್ನನ್ನು ಹೆತ್ತದ್ದು ಕಾರ್ಖಾನೆಯಲ್ಲ, ಹುಬ್ಬಳ್ಳಿಯ ಒಂದು ಕಿರಿದಾದ ಅಂಗಡಿ. ಒಂದು ಪೆಟ್ಟಿಗೆಯಿಂದ ಮದರ್‌ಬೋರ್ಡ್ ತೆಗೆದರು, ಇನ್ನೊಂದರಿಂದ ಹಾರ್ಡ್ ಡಿಸ್ಕ್. ಮೂಲೆಯಲ್ಲಿ ಬಿದ್ದಿದ್ದ ಕ್ಯಾಬಿನೆಟ್ಟಿನಲ್ಲಿ ಎಲ್ಲವನ್ನೂ ಕೂರಿಸಿ ಸ್ಕ್ರೂ ಬಿಗಿದರು. ಸ್ವಿಚ್ ಒತ್ತಿದಾಗ ನನ್ನೊಳಗಿನ ಫ್ಯಾನು ತಿರುಗಿತು. ಅಂಗಡಿಯವನು ನನ್ನ ಹಣೆಗೆ ಕುಂಕುಮ ಹಚ್ಚಿ, ಊದಿನಕಡ್ಡಿ ಹೊತ್ತಿಸಿ, ಗಿರಾಕಿಗೆ ಒಪ್ಪಿಸಿದ.

ಆ ಗಿರಾಕಿ ಕೇಶ್ವಾಪುರದ ಟೈಪಿಂಗ್ ಶಾಲೆಯ ವತ್ಸಲಾ ಟೀಚರ್. ಅಲ್ಲಿ ಸಾಲಾಗಿ ಕುಳಿತಿದ್ದ ಟೈಪ್‌ರೈಟರುಗಳ ನಡುವೆ ನಾನೊಬ್ಬನೇ ಹೊಸಬ. ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು ನನ್ನ ಬಳಿ ಬರಬೇಕು. ಆಗ ಇಂಟರ್ನೆಟ್ ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ನಾನು ಆನ್‌ಲೈನ್ ಇದ್ದಷ್ಟು ಹೊತ್ತು ಶಾಲೆಗೆ ಬೇರೆ ಯಾವ ಕರೆಯೂ ಬರುವಂತಿರಲಿಲ್ಲ. ಹಾಗಾಗಿ ಟೀಚರ್ ಒಂದು ಪದ್ಧತಿ ಮಾಡಿದ್ದರು. ಮೇಲ್ ಪ್ರೋಗ್ರಾಮನ್ನು ಆಫ್‌ಲೈನ್ ಇಟ್ಟುಕೊಂಡೇ ಪತ್ರ ಬರೆಯಬೇಕು. ಬರೆದದ್ದು ಔಟ್‌ಬಾಕ್ಸಿನಲ್ಲಿ ಕಾಯುತ್ತದೆ. ಎಲ್ಲ ಮುಗಿದ ಮೇಲೆ ಆನ್‌ಲೈನ್ ಮಾಡಿ, ಇದ್ದದ್ದನ್ನು ಕಳುಹಿಸಿ, ಬಂದದ್ದನ್ನು ಇಳಿಸಿಕೊಂಡು, ಮತ್ತೆ ಆಫ್‌ಲೈನ್ ಮಾಡಬೇಕು.

"ಆನ್‌ಲೈನ್ ಹೋಗ್ಲೇನು ಅಂತ ಮಷಿನ್ ಕೇಳತೈತಿ" ಎಂದು ಟೀಚರ್ ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. "ಕೇಳಿದಾಗೆಲ್ಲಾ ನೋ ಅನ್ರಿ. ಹೋಗೋದು ಯಾವಾಗ ಅನ್ನೋದು ನಾವು ಹೇಳಬೇಕು, ಅದು ಹೇಳಬಾರದು."

ಈ ಪಾಠವನ್ನು ಶ್ರದ್ಧೆಯಿಂದ ಕಲಿತವರು ತಿರಕಪ್ಪ ಬಡಿಗೇರ. ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಮರಗೆಲಸ ಮಾಡಿ ನಿವೃತ್ತರಾದವರು, ಆ ಶಾಲೆಯಲ್ಲೇ ಹಿರಿಯ ವಿದ್ಯಾರ್ಥಿ. ನನ್ನ ಕೀಲಿಮಣೆಯ ಮೇಲೆ ಅವರ ಬೆರಳು ಬಿದ್ದರೆ ಮೇಜು ಅಲುಗುತ್ತಿತ್ತು.

"ಬಡಿಗೇರ್ ಕಾಕಾ, ಅದು ಮೊಳಿ ಅಲ್ರಿ. ಮೆಲ್ಲಕ ಒತ್ರಿ."

"ಹೊಡದ್ರನ ಕುಂದರತೈತಿ ಅನ್ನೋದು ನಮ್ಮ ಕೈಗೆ ಹತ್ತಿದ ಚಟಾ ರೀ, ಟೀಚರ್."

ಅವರು ಕಲಿಯಲು ಬಂದದ್ದು ಚದುರಂಗಕ್ಕಾಗಿ. ವರ್ಕ್‌ಶಾಪಿನಲ್ಲಿ ಒಂದೇ ಬೆಂಚಿನಲ್ಲಿ ಕೆಲಸ ಮಾಡಿದ ಗೆಳೆಯ ಮೊದೀನ್‌ಸಾಬ ನದಾಫ ನಿವೃತ್ತರಾಗಿ ಬಾಗಲಕೋಟೆಯ ಮಗಳ ಮನೆ ಸೇರಿದ್ದರು. ಊಟದ ಬಿಡುವಿನಲ್ಲಿ ನಡೆಯುತ್ತಿದ್ದ ಆಟ ಅರ್ಧಕ್ಕೆ ನಿಲ್ಲಬಾರದೆಂದು ತಿರಕಪ್ಪನವರು ಒಡಕು ಸಾಗವಾನಿಯಲ್ಲಿ ಎರಡು ಜೊತೆ ಮಣೆ, ಕಾಯಿ ಕೆತ್ತಿ, ಒಂದನ್ನು ಗೆಳೆಯನಿಗೆ ಕೊಟ್ಟು ಕಳಿಸಿದ್ದರು. ಕೆಲವು ವರ್ಷ ಪೋಸ್ಟ್ ಕಾರ್ಡಿನಲ್ಲಿ ಆಡಿದರು, ಒಂದು ಕಾರ್ಡಿಗೆ ಒಂದು ನಡೆ. ಆಮೇಲೆ ಇಬ್ಬರೂ ಇಮೇಲ್ ಕಲಿತರು.

ಅವರಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಆಟ ನಡೆದಿರುವಾಗ ಫೋನ್ ಮಾಡುವಂತಿಲ್ಲ. ಧ್ವನಿ ಕೇಳಿದರೆ ಎದುರಾಳಿ ಅಂಜಿದ್ದಾನೋ ಹಿಗ್ಗಿದ್ದಾನೋ ತಿಳಿದುಬಿಡುತ್ತದೆ ಎಂಬುದು ಮೊದೀನ್‌ಸಾಬರ ವಾದ. ಮನೆಯ ಸುದ್ದಿಗಳೆಲ್ಲ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ನಡುವೆ. ಯೋಚನೆಗೆ ಮಾತ್ರ ಗಡುವಿಲ್ಲ. ಮೊದೀನ್‌ಸಾಬರು ಒಂದು ನಡೆಗೆ ಒಂದು ಶ್ರಾವಣವನ್ನೇ ಕಳೆದದ್ದುಂಟು.

ಟೀಚರ್ ಶಾಲೆಗೆ ಹೊಸ ಕಂಪ್ಯೂಟರುಗಳನ್ನು ತಂದಾಗ ನನ್ನನ್ನು ತಿರಕಪ್ಪನವರು ಕೊಂಡರು. ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡೇ ಮನೆಗೆ ಒಯ್ದರು. ಅವರ ಹೆಂಡತಿ ನೀಲವ್ವನವರು ನನ್ನ ಹಿಂದಕ್ಕೆ ಉಬ್ಬಿದ ಡುಬ್ಬದ ಮಾನಿಟರನ್ನು ನೋಡಿ, "ಇದನ್ನ ಎಲ್ಲೆ ಮಲಗಸ್ತೀರಿ?" ಎಂದು ಕೇಳಿದರಾದರೂ ಹಳೆಯ ಇಳಕಲ್ ಸೀರೆಯ ತುಂಡೊಂದನ್ನು ಹೊದಿಕೆಗೆ ಕೊಟ್ಟರು. ನನ್ನ ಪಕ್ಕದಲ್ಲಿ ಸಾಗವಾನಿ ಮಣೆ ಬಂತು. ಅದೇ ನನ್ನ ಬಾಳಿನ ಒಳ್ಳೆಯ ಕಾಲ. ಬೆಳಿಗ್ಗೆ ಚಹಾ ಕುಡಿದು ತಿರಕಪ್ಪನವರು ನನ್ನ ಮುಂದೆ ಕುಳಿತು ಆನ್‌ಲೈನ್ ಮಾಡುತ್ತಿದ್ದರು. ಬಾಗಲಕೋಟೆಯ ನಡೆ ಇಳಿದರೆ ಮಣೆಯ ಮೇಲೆ ಗೆಳೆಯನ ಕಾಯಿಯನ್ನು ತಾವೇ ಸರಿಸಿ, "ಹೌದಲೇ ಮಗನ" ಎಂದು ನಗುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಓಣಿಗೆ ಬ್ರಾಡ್‌ಬ್ಯಾಂಡ್ ಬಂತು. ಸಂಪರ್ಕ ಕೊಡಲು ಬಂದ ಕೊಟ್ರೇಶ ಹಳೆಯ ತಂತಿ ಕಳಚಿ ಹಸಿರು ದೀಪಗಳ ಪೆಟ್ಟಿಗೆಯೊಂದನ್ನು ಕೂರಿಸಿದ.

"ಇನ್ಮ್ಯಾಲೆ ಕೂಡಿಸೋದು ಬಿಡಿಸೋದು ಏನೂ ಇಲ್ಲ, ಅಜ್ಜಾರ. ಲೈನ್ ಯಾವತ್ತೂ ಇರತೈತಿ. ನೀವು ಏನೂ ಮುಟ್ಟಬ್ಯಾಡ್ರಿ."

ತಿರಕಪ್ಪನವರು ಅಕ್ಷರಶಃ ಹಾಗೆಯೇ ನಡೆದುಕೊಂಡರು. ಅಂದು ಮೇಲ್ ಪ್ರೋಗ್ರಾಮ್ ಎಂದಿನಂತೆ ಆಫ್‌ಲೈನ್ ಇತ್ತು. ದಿನವೂ ಅದನ್ನು ಆನ್‌ಲೈನ್ ಮಾಡುತ್ತಿದ್ದ ಕೈ ಅಂದಿನಿಂದ ಅದನ್ನು ಮುಟ್ಟಲಿಲ್ಲ.

ಮರುದಿನ ಅವರು ಬಹಳ ಯೋಚಿಸಿದ್ದ ನಡೆಯೊಂದನ್ನು ಬರೆದರು: ಕುದುರೆ, ಎಫ್ ಐದು. ಕಳುಹಿಸುವ ಗುಂಡಿ ಒತ್ತಿದರು. ಪತ್ರ ಕಣ್ಣಿಂದ ಮರೆಯಾಯಿತು. ಅವರ ಪಾಲಿಗೆ ಅದು ಬಾಗಲಕೋಟೆ ಮುಟ್ಟಿತ್ತು. ನನ್ನ ಪಾಲಿಗೆ ಅದು ಔಟ್‌ಬಾಕ್ಸಿನಲ್ಲಿ ನಿಂತಿತ್ತು.

ಆನ್‌ಲೈನ್ ಹೋಗಲೇ ಎಂದು ನಾನು ಕೇಳಿದೆ. ಅವರು ನೋ ಎಂದರು. ಮರುದಿನ ಕೇಳಿದೆ, ನೋ ಎಂದರು. "ಲೈನ್ ಯಾವತ್ತೂ ಇರತೈತಿ ಅಂದಮ್ಯಾಲೂ ಕೇಳತೈತಿ ನೋಡು. ಹಳೇ ಮಷಿನ್, ಹಳೇ ಚಾಳಿ" ಎಂದು ನೀಲವ್ವನವರಿಗೆ ಹೇಳಿದರು. ಔಟ್‌ಬಾಕ್ಸಿನ ಪಕ್ಕದಲ್ಲಿ ಒಂದು ಅಂಕಿ ತೋರಿಸಿದೆ. ಕೆಳಗಿನ ಅಂಚಿನಲ್ಲಿ 'ಆಫ್‌ಲೈನ್' ಎಂದು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೇ ಇದ್ದೆ. ಯಂತ್ರಕ್ಕಿರುವ ಬಾಯಿ ಅಷ್ಟೆ.

ದಿನಗಳು ಹೋದವು. ಬಾಗಲಕೋಟೆಯಿಂದ ಉತ್ತರವಿಲ್ಲ. ತಿರಕಪ್ಪನವರು ಮೊದಮೊದಲು ಹಿಗ್ಗಿದರು. "ಕುದರಿ ಕಂಡು ಗಾಬರಿ ಆಗ್ಯಾನ. ವಿಚಾರ ಮಾಡಾಕತ್ತಾನ." ಆಮೇಲೆ, ನಡೆ ಮುಟ್ಟಿತೇ ಎಂದು ಒಂದು ಪತ್ರ ಬರೆದರು. ಆಮೇಲೆ, ಸಿಟ್ಟೇ ಎಂದು ಇನ್ನೊಂದು. ಎಲ್ಲವೂ ಕುದುರೆಯ ಹಿಂದೆ ಸಾಲುಗಟ್ಟಿ ನಿಂತವು.

"ಒಂದ್ ಫೋನ್ ಹಚ್ರಿ. ನಿಮ್ಮ ಕುದರಿಗೆ ಹುಲ್ಲು ಹಾಕೋರು ಯಾರೂ ಇಲ್ಲಂತ ಹೇಳ್ರಿ" ಎಂದರು ನೀಲವ್ವನವರು.

"ಆಟ ನಡದೈತಿ. ಫೋನ್ ಹಚ್ಚಿದರ ನಾ ಸೋತಂಗ."

ಶಿವರಾತ್ರಿ ಕಳೆದ ಮೇಲೆ ಕೊಟ್ರೇಶನನ್ನು ಕರೆಸಿದರು. ಅವನು ತಂತಿ ಜಗ್ಗಿ ನೋಡಿದ. ಪೆಟ್ಟಿಗೆಯನ್ನು ಆರಿಸಿ ಹಚ್ಚಿದ. ನನ್ನನ್ನೂ ಆರಿಸಿ ಹಚ್ಚಿದ. ಒಂದು ವೆಬ್‌ಸೈಟ್ ತೆರೆದ, ಕ್ರಿಕೆಟ್ ಸ್ಕೋರು ಬಂತು. ಮೇಲ್ ಪ್ರೋಗ್ರಾಮ್ ತೆರೆದಾಗ ಹಳೆಯ ಪತ್ರಗಳೆಲ್ಲ ಓದಲು ಸಿಕ್ಕವು, ಏಕೆಂದರೆ ಅವು ನನ್ನ ಡಿಸ್ಕಿನಲ್ಲೇ ಇದ್ದವು. ಅಷ್ಟರಲ್ಲಿ ನಾನು ನನ್ನ ಪ್ರಶ್ನೆ ಕೇಳಿದೆ. ಕೊಟ್ರೇಶ ಓದುವ ಮೊದಲೇ ತಿರಕಪ್ಪನವರು ಕೈಚಾಚಿ ನೋ ಒತ್ತಿದರು. "ಅದು ಹಂಗ ಕೇಳತಿರತೈತಿ."

"ನೆಟ್ ಭೇಷ್ ಐತ್ರಿ, ಅಜ್ಜಾರ" ಎಂದು ಕೊಟ್ರೇಶ ಎದ್ದ. "ಆ ಕಡೆಯವರ ಬರದಿಲ್ಲ, ಅಷ್ಟ."

ಆ ಮಾತು ತಿರಕಪ್ಪನವರಿಗೆ ನಾಟಿತು. ಅಂದೇ ಮಣೆಯ ಮೇಲೆ ಬಟ್ಟೆ ಮುಚ್ಚಿದರು.

ಹೋಳಿಯ ಹಲಿಗೆ ಬಡಿಯುತ್ತಿದ್ದ ಒಂದು ಮಧ್ಯಾಹ್ನ ಫೋನ್ ಬಂತು. ಮೊದೀನ್‌ಸಾಬರ ಮಗಳು ಮುಮ್ತಾಜ್. ಆಕೆಯ ತಂದೆ ತೀರಿಕೊಂಡಿದ್ದರು. ತಿರಕಪ್ಪನವರು ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತಿ ಹೋಗಿ, ಗೆಳೆಯನಿಗೆ ಹಿಡಿ ಮಣ್ಣು ಕೊಟ್ಟು ಬಂದರು. ಬಂದು ನನ್ನ ಮುಂದಿನ ಕುರ್ಚಿಯಲ್ಲಿ ಕುಳಿತರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಮುಮ್ತಾಜ್ ಏನ್ ಕೇಳಿದಳು ಗೊತ್ತೇನ?" ಎಂದು ನೀಲವ್ವನವರಿಗೆ ಹೇಳಿದರು. "ಕಾಕಾ, ಅಬ್ಬಾನ ಮ್ಯಾಲೆ ಅಷ್ಟ್ಯಾಕ ಸಿಟ್ಟು ಮಾಡಿದ್ರಿ, ಒಂದಕ್ಕೂ ಉತ್ತರಾ ಬರೀಲಿಲ್ಲ ಅಂದಳು. ಎದಿ ಬ್ಯಾನಿ ಅಂವಗ ದೀಪಾವಳಿಯಿಂದನ ಇತ್ತಂತ. ಆಕಿ ಫೋನ್ ಹಚ್ಚತೇನಿ ಅಂದರ, ಆಟ ನಡದೈತಿ ಬ್ಯಾಡ ಅಂದನಂತ. ನಾ ಬರದೇನಲ್ಲೇ, ನೀಲಾ? ನೀ ನೋಡಿಯಲ್ಲ?"

ನೀಲವ್ವನವರು ಸೆರಗು ಸರಿಮಾಡಿಕೊಂಡು ಹೋಗಿ ವತ್ಸಲಾ ಟೀಚರನ್ನು ಕರೆತಂದರು.

ಟೀಚರ್ ನನ್ನ ಮುಂದೆ ಕುಳಿತು ಕನ್ನಡಕ ಏರಿಸಿದರು. ತಂತಿ ಮುಟ್ಟಲಿಲ್ಲ, ಪೆಟ್ಟಿಗೆ ನೋಡಲಿಲ್ಲ. ಕೆಳಗಿನ ಅಂಚನ್ನು ಓದಿದರು. ಔಟ್‌ಬಾಕ್ಸ್ ತೆರೆದರು. ಕುದುರೆ ಅಲ್ಲೇ ಇತ್ತು.

"ಕಾಕಾ, ಇದು ಆಫ್‌ಲೈನ್ ಐತ್ರಿ."

"ಲೈನ್ ಯಾವತ್ತೂ ಇರತೈತಂತಲ್ಲ."

"ಲೈನ್ ಐತ್ರಿ. ಮನೀ ಮಟಾ ಬಂದೈತಿ. ಈ ಪ್ರೋಗ್ರಾಮಿಗೆ ಮಾತ್ರ ಬಾಗಲಾ ತಗೀರಿ ಅಂತ ಯಾರೂ ಹೇಳಿಲ್ಲ." ಅವರು ಮೌಸಿನಿಂದ ಕೈ ತೆಗೆದರು. "ನೋ ಅನ್ರಿ ಅಂತ ಕಲಿಸಿದಾಕಿ ನಾನ."

"ನೀವು ಕಲಿಸಿದ್ದು ಆ ಕಾಲಕ್ಕ ಖರೇ ಇತ್ತು, ಟೀಚರ್" ಎಂದರು ತಿರಕಪ್ಪನವರು. "ಈಗ ಹೌದು ಅನ್ನೂಣು."

ತಾವೇ ಆ ಗುಂಡಿ ಒತ್ತಿದರು. ಮೊದಲು ನನ್ನಲ್ಲಿದ್ದವು ಹೋದವು: ಕುದುರೆ, ವಿಚಾರಣೆ, ಸಿಟ್ಟಿನ ಮಾತು, ಒಂದರ ಹಿಂದೊಂದು, ಓದುವವರಿಲ್ಲದ ವಿಳಾಸಕ್ಕೆ. ತಡೆಯಲು ಟೀಚರ್ ಕೈ ಎತ್ತಿದರು, ಅಷ್ಟರಲ್ಲಿ ಮುಗಿದಿತ್ತು. ಆಮೇಲೆ ಬಾಗಲಕೋಟೆಯ ಪತ್ರಗಳು ಇಳಿದವು. ತಿರಕಪ್ಪನವರು ಮಣೆಯ ಬಟ್ಟೆ ತೆಗೆದರು. ಟೀಚರ್ ಓದುತ್ತಾ ಹೋದರು.

'ನಿನ್ನ ನಡೆ ಬರಲಿಲ್ಲ. ನಿನ್ನನ್ನು ಬಲ್ಲೆ, ಕುದುರೆಯನ್ನೇ ಎಫ್ ಐದಕ್ಕೆ ತರುತ್ತೀ. ತಂದರೆ ನನ್ನ ಒಂಟೆ ಎಫ್ ಎಂಟಕ್ಕೆ.'

ತಿರಕಪ್ಪನವರು ಗೆಳೆಯನ ಒಂಟೆಯನ್ನು ಹಿಂದಕ್ಕೆ ಇಟ್ಟರು.

'ಇನ್ನೂ ಸುದ್ದಿಯಿಲ್ಲ. ಆಮೇಲೆ ನೀನು ಆನೆ ತರುತ್ತೀ. ತಂದರೆ ನನ್ನ ರಾಜ ಮೂಲೆಗೆ.'

ಆನೆಯನ್ನು ತಂದರು. ಗೆಳೆಯನ ರಾಜನನ್ನು ಮೂಲೆಗೆ ಸರಿಸಿದರು. ತಾವು ಆಡಬೇಕೆಂದಿದ್ದದ್ದೂ ಅದೇ ಆನೆ ಎಂದು ಮೆಲ್ಲಗೆ ಹೇಳಿದರು.

ಕೊನೆಯ ಪತ್ರ ಚಿಕ್ಕದು. 'ತಿರಕಪ್ಪ, ಆಟದ ನಡುವೆ ಮಾತಾಡಬಾರದು ಅಂತ ಕಟ್ಟು ಐತಿ. ಬಂದು ನೋಡಬಾರದು ಅಂತ ಇಲ್ಲ. ಒಮ್ಮೆ ಬಾ. ಸುಮ್ಮನ ಎದುರಿಗೆ ಕೂತು ಮುಗಿಸೋಣು.'

ಟೀಚರ್ ಕನ್ನಡಕ ತೆಗೆದರು. ನೀಲವ್ವನವರು ಒಳಗೆ ಹೋದರು. ತಿರಕಪ್ಪನವರು ಬಹಳ ಹೊತ್ತು ಮಣೆಯನ್ನೇ ನೋಡಿದರು. ಕೊನೆಗೆ ತಮ್ಮ ಮಂತ್ರಿಯನ್ನು ಎತ್ತಿ ಒಂದು ಮನೆ ಮುಂದೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡರು. ಆ ನಡೆಯನ್ನು ಯಾರಿಗೂ ಬರೆಯಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಫ್ಯಾನು ಕೆಮ್ಮುತ್ತದೆ, ಗಡಿಯಾರ ತಪ್ಪು ತೋರಿಸುತ್ತದೆ. ನನ್ನನ್ನು ಯಾರೂ ಹಚ್ಚುವುದಿಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿ ಬರಿಗೈಯಲ್ಲಿ ಹೋದ. ಆನ್‌ಲೈನ್ ಹೋಗಲೇ ಎಂಬ ಒಂದೇ ಪ್ರಶ್ನೆಯನ್ನು ನಾನು ಅಷ್ಟು ಸಲ ಕೇಳಿದೆ, ಆದರೆ ಅದರೊಳಗೆ ಬಾಗಲಕೋಟೆ ಇದೆ ಎಂದು ತಿಳಿಸಲು ನನ್ನಲ್ಲಿ ಮಾತಿರಲಿಲ್ಲ.

ಕಿಟಕಿಯ ಪಕ್ಕದ ಮೂಲೆಯಲ್ಲಿ, ಇಳಕಲ್ ಸೀರೆಯ ತುಂಡಿನಡಿ ಇದ್ದೇನೆ. ನನ್ನ ಕ್ಯಾಬಿನೆಟ್ಟಿನ ಮೇಲೆಯೇ ಆ ಮಣೆ ಇದೆ. ನೀಲವ್ವನವರು ಕಾಯಿ ಕದಲದಂತೆ ಸುತ್ತಲೂ ಧೂಳು ಒರೆಸುತ್ತಾರೆ. ಮನೆಗೆ ಬಂದವರು ಅದನ್ನು ನೋಡಿ, ಯಾರ ನಡೆ ಬಾಕಿ ಎಂದು ಕೇಳುತ್ತಾರೆ.

"ಮೊದೀನಂದು" ಎನ್ನುತ್ತಾರೆ ತಿರಕಪ್ಪನವರು. "ಅಂವ ಭಾಳ ವಿಚಾರ ಮಾಡಿ ಇಡತಾನ."