ಗುಬ್ಬಿ ಲೈಬ್ರರಿಯಲ್ಲಿ ಕೂತ ಪಾಠ

ನನ್ನ ತಮ್ಮನದೊಂದು ಸಲೂನಿದೆ. ಗಿರಾಕಿಯ ಬೆನ್ನಿಗೆ ನಿಂತು, ಕನ್ನಡಿಯೊಳಗಿನ ಮುಖದ ಜೊತೆ ಎಷ್ಟು ಬೇಕಾದರೂ ಹರಟುತ್ತಾನೆ. ಎದುರು ಕೂತು ಮಾತಾಡು ಅಂದರೆ ಮಾತ್ರ ಬಾಯಿಗೆ ಬೀಗ. ಹೆಂಡತಿ ಎರಡನೇ ಹೆರಿಗೆಯಲ್ಲಿ ಮಗುವಿನ ಸಮೇತ ತೀರಿಕೊಂಡ ಮೇಲೆ ಮಗಳು ಗುಬ್ಬಿಯನ್ನು ಅವನೇ ಸಾಕಿದ. ಅಂಗಡಿಯ ಟವೆಲ್ ಒಗೆದು ಕೊಡುವ ನೆಪದಲ್ಲಿ ನಾನು ದಿನಾ ಹೋಗಿ ಇಬ್ಬರನ್ನೂ ನೋಡಿಕೊಂಡು ಬರುತ್ತೇನೆ.

ಈ ವರ್ಷ ಗುಬ್ಬಿಯ ತರಗತಿಯ ಹುಡುಗಿಯರಿಗೆ ಮುಟ್ಟಿನ ಬಗ್ಗೆ ಪಾಠವಿದೆ, ಬೇಡ ಅನ್ನುವ ಪೋಷಕರು ಬಂದು ಹೇಳಬಹುದು ಎಂದು ಶಾಲೆಯವರು ತಿಳಿಸಿದರು. ಇವನಿಗೆ ಎಲ್ಲಿಲ್ಲದ ರೋಷ ಬಂತು. ಅರ್ಧ ಗಡ್ಡ ಬೋಳಿಸಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಶಾಲೆಗೆ ಓಡಿದ. ನಾನೂ ಹಿಂದೆಯೇ ಹೋದೆ.

“ಅವಳಿಗೆ ಅಪ್ಪನೂ ನಾನೇ, ಅಮ್ಮನೂ ನಾನೇ. ಏನು ಹೇಳ್ಬೇಕು, ಯಾವಾಗ ಹೇಳ್ಬೇಕು ಅನ್ನೋದು ನನ್ನ ಹಕ್ಕು ಮೇಡಂ.”

ಟೀಚರ್ ಜಗಳಕ್ಕೆ ನಿಲ್ಲಲಿಲ್ಲ. “ಖಂಡಿತ ನಿಮ್ಮ ಹಕ್ಕೇ. ಪಾಠದ ಹೊತ್ತಿಗೆ ಅವಳನ್ನ ಲೈಬ್ರರಿಲಿ ಕೂರಿಸ್ತೀನಿ. ಆದ್ರೆ ನೀವು ಬೇಗ ಹೇಳ್ಬಿಡಿ.”

ಯುದ್ಧ ಗೆದ್ದವನಂತೆ ಮನೆಗೆ ಬಂದ. ಹೇಳಿದನೇ? ಎಲ್ಲಿಂದ! ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಳ್ಳುವನು, ಕೊನೆಗೆ “ಹೋಮ್‌ವರ್ಕ್ ಆಯ್ತಾ?” ಎನ್ನುವನು.

“ನಿನ್ನ ಕೈಲಾಗಲ್ಲ ಕಣೋ. ನಾನೇ ಹೇಳ್ತೀನಿ ಬಿಡು,” ಅಂದೆ.

“ನೀನು ಮಧ್ಯೆ ಬಾಯಿ ಹಾಕ್ಬೇಡ ಅಕ್ಕ.”

ನನಗೆ ಮೈಯೆಲ್ಲ ಉರಿದುಹೋಯಿತು. ತಾನೂ ತಿನ್ನ, ಬೇರೆಯವರಿಗೂ ಕೊಡ. ಆದರೂ ಅವನ ಮಗಳು ಎಂದು ಸುಮ್ಮನಾದೆ.

ಶಾಲೆಯಲ್ಲಿ ಆ ಪಾಠ ಆಗಿಹೋಯಿತು. ಅಂದಿನಿಂದ ಗುಬ್ಬಿಗೆ ಊಟ ಸೇರದಾಯಿತು. ಸದಾ ವಟವಟ ಅನ್ನುತ್ತಿದ್ದವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಸಾಕಪ್ಪ ಸಾಕು ಎಂದು ನಾನು ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಅವಳನ್ನು ಎಳೆದೊಯ್ದು ಸಲೂನಿನ ಕುರ್ಚಿಯಲ್ಲಿ ಕೂರಿಸಿದೆ.

“ಮಗಳ ಕೂದಲ ತುದಿ ಕತ್ತರಿಸು. ಇಲ್ಲಾದ್ರೂ ಬಾಯಿ ಬಿಡ್ತೀಯಾ ನೋಡೋಣ.”

ಅವನು ಅವಳಿಗೆ ಬಟ್ಟೆ ಹೊದಿಸಿದ, ಬಾಚಿದ, ಕತ್ತರಿ ಆಡಿಸಿದ. ಕನ್ನಡಿಯಲ್ಲಿ ಅವಳ ಮುಖ ನೋಡುತ್ತ ಗಿರಾಕಿಗಳ ಜೊತೆ ಆಡುವ ದನಿಯಲ್ಲೇ ಶುರುಮಾಡಿದ. “ನೋಡು ಗುಬ್ಬಿ, ಹೆಣ್ಮಕ್ಕಳು ದೊಡ್ಡವರಾದ್ಮೇಲೆ ತಿಂಗಳಿಗೊಮ್ಮೆ ರಕ್ತ ಹೋಗುತ್ತೆ...”

“ಗೊತ್ತಪ್ಪ. ಪಾಠ ಕೇಳಿದವರು ಹೇಳಿದ್ರು, ಎಲ್ಲರಿಗೂ ರಕ್ತ ಹೋಗುತ್ತೆ ಅಂತ.” ಅವಳು ಕನ್ನಡಿಯಲ್ಲೇ ಅಪ್ಪನನ್ನು ನೋಡಿ ಕೇಳಿದಳು, “ಅಮ್ಮ ಸತ್ತಿದ್ದೂ ರಕ್ತ ಹೋಗೇ ಅಲ್ವಾ? ನಾನು ಯಾವಾಗ ಸಾಯ್ತೀನಿ?”

ಹೆರಿಗೆಯಲ್ಲಿ ಅವಳಮ್ಮನಿಗೆ ರಕ್ತ ನಿಲ್ಲಲೇ ಇಲ್ಲ ಎಂದು ದೊಡ್ಡವರು ಆಡಿಕೊಂಡದ್ದೆಲ್ಲ ಆ ಪುಟ್ಟ ಕಿವಿಗೂ ಬಿದ್ದಿತ್ತು.

ಅವನು ಕತ್ತರಿ ಇಟ್ಟು ಅವಳ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. “ಇಲ್ಲ ಕಂದ, ಅಮ್ಮಂಗೆ ಆಗಿದ್ದು ಹೆರಿಗೆಲಿ. ಇದೇ ಬೇರೆ. ಮುಟ್ಟಾದ್ರೆ ಸಾಯಲ್ಲ. ಅತ್ತೆನ ಕೇಳು. ನಿಮ್ಮ ಟೀಚರನ್ನ ಕೇಳು, ನಾಳೆ ನಾನೇ ಕರ್ಕೊಂಡು ಹೋಗ್ತೀನಿ.” ನಾನು ಹೌದು ಹೌದು ಎಂದೆ; ಮಾತಿಗಿಂತ ಅಳು ಮುಂದಾಯಿತು.

ಗುಬ್ಬಿ ನಮ್ಮಿಬ್ಬರ ಮುಖವನ್ನೂ ಸರಿಯಾಗಿ ನೋಡಿದಳು.

“ಹಾಗಾದ್ರೆ ನನ್ನ ಬಣ್ಣದ ಪೆನ್ಸಿಲ್ ವಾಪಸ್ ಕೇಳ್ಲಾ ಅಪ್ಪ? ಹೇಗೂ ನಾನಿರಲ್ವಲ್ಲ ಅಂತ ಎಲ್ಲಾನೂ ಪಕ್ಕದಲ್ಲಿ ಕೂರೋಳಿಗೆ ಕೊಟ್ಬಿಟ್ಟೆ.”