ಒಂದೇ ಕೈಯಲ್ಲಿ ಬಿಚ್ಚುವ ಚಾಕು

"ಬಾಯಿಗಾಕ್ಬೇಡಿ ಗೌಡ್ರೆ, ಮಾರೋ ಮಾಲು ಅದು," ಎಂದ ಧರ್ಮೇಂದ್ರ.

ದ್ಯಾವಯ್ಯ ಅಲಗನ್ನು ಹಲ್ಲಿನಿಂದ ಬಿಟ್ಟ. ಮೂರನೆಯ ಚಾಕೂ ಆಗಲಿಲ್ಲ. ಹಿಡಿಯನ್ನು ಬಲಗೈಯ ನಾಲ್ಕು ಬೆರಳಲ್ಲಿ ಅವುಚಿಕೊಂಡು ಹೆಬ್ಬೆರಳಿನಿಂದ ತಳ್ಳಿದರೆ ಅಲಗು ಒಂದಿಷ್ಟು ಎದ್ದು, ಟಪ್ಪೆಂದು ಮತ್ತೆ ಒಳಗೆ ಕೂರುತ್ತಿತ್ತು. ಒಂದು ಕೈ ಹಿಡಿಯನ್ನು ಹಿಡಿಯಬೇಕು, ಇನ್ನೊಂದು ಕೈ ಅಲಗನ್ನು ಎಳೆಯಬೇಕು. ಮಡಿಸುವ ಚಾಕು ಮಾಡಿದವರೆಲ್ಲ ಎರಡು ಕೈ ಇದ್ದವರೇ ಇರಬೇಕು. ದ್ಯಾವಯ್ಯನ ಎಡಗೈ ಹೆಗಲ ಮೇಲಿನ ಟವೆಲಿನ ಮರೆಯಲ್ಲಿ ಜೋತುಬಿದ್ದಿತ್ತು. ಲಕ್ವ ಹೊಡೆದು ಎಂಟು ತಿಂಗಳಾಗಿತ್ತು. ಕಾಲು ಎಳೆದುಕೊಂಡಾದರೂ ವಾಪಸು ಬಂತು, ಕೈ ಬರಲಿಲ್ಲ.

ಶ್ರೀರಂಗಪಟ್ಟಣದ ಪೇಟೆಯಲ್ಲಿ ಧರ್ಮೇಂದ್ರನದು ಹಾರ್ಡ್‌ವೇರ್ ಅಂಗಡಿ. ಅವನ ಅಪ್ಪ ಇದೇ ಜಾಗದಲ್ಲಿ ತಿದಿ ಒತ್ತಿ ಕುಡುಗೋಲು ಬಡಿದವನು. ಈಗ ಕುಲುಮೆ ಇದ್ದ ಮೂಲೆಯಲ್ಲಿ ಪೇಂಟ್ ಡಬ್ಬಗಳು ಕೂತಿವೆ. ಆದರೂ ಸಾಣೆ ಚಕ್ರ ಉಳಿದಿದೆ, ಕಬ್ಬಿಣವನ್ನು ಬೆರಳಲ್ಲಿ ಮುಟ್ಟಿ ಹೇಳುವ ಬುದ್ಧಿಯೂ ಉಳಿದಿದೆ. ದ್ಯಾವಯ್ಯ ಪಾಲಹಳ್ಳಿಯಿಂದ ಬಸ್ಸು ಹತ್ತಿ, ಊರುಗೋಲು ಊರಿಕೊಂಡು ಅವನನ್ನೇ ಹುಡುಕಿಕೊಂಡು ಬಂದದ್ದು ಅದಕ್ಕೆ.

"ಕುಡುಗೋಲೇ ತಕ್ಕಳಿ. ಬಿಚ್ಚೋದಿಲ್ಲ, ಮಡ್ಸೋದಿಲ್ಲ," ಎಂದ ಧರ್ಮೇಂದ್ರ.

"ಅದೇ ಆಯ್ತಲ್ಲ ಕಣ್ಲಾ. ಕೋಲಿಡ್ಕಂಡ ಕೈಲೇ ಕುಡ್ಗೋಲ್ನೂ ಇಡ್ಕಂಡು ಬದಿನ್ ಮ್ಯಾಲೆ ಬಿದ್ದೆ. ತೊಡೆ ಸೀಳ್ಕಂಡು ಆರು ಹೊಲಿಗೆ. ಅವತ್ತೇ ನಮ್ಮನೆಯವಳು ಕುಡ್ಗೋಲ ಎಲ್ಲೋ ಬಚ್ಚಿಟ್ಬುಟ್ಲು. ಮಡ್ಸೋದಾದ್ರೆ ಜೇಬ್ನಲ್ಲಿ ಇರ್ತದೆ. ಗಿಡದ ತಾವು ನಿಂತ್ಕಂಡು ಬಿಚ್ಕತೀನಿ."

"ಸಣ್ಣದಾದ್ರೆ ಸಲೀಸಾಗಿ ಬಿಚ್ಚೋವು ಅವೆ."

"ಸಣ್ಣದ ತಕ್ಕಂಡು ಉಗುರು ಕತ್ತರಿಸ್ಕಳ್ಲಾ? ಬಾಳೆ ಎಲೆ ದಂಟು ಎಷ್ಟು ದಪ್ಪ ಇರ್ತದೆ ನೋಡಿದೀಯಾ? ಅಲಗು ಅಂಗೈ ಉದ್ದ ಇರ್ಬೇಕು. ದಿನಾ ಕುಯ್ಯೋಕೆ ಕಣ್ಲಾ, ಆಟಕ್ಕಲ್ಲ."

ದಿನಾ ಎನ್ನುವಾಗ ಅವನ ಧ್ವನಿ ಏರಿತು. ನಾಲೆಯ ಪಕ್ಕದ ಇಪ್ಪತ್ತು ಗುಂಟೆ ಬಾಳೆತೋಟದಲ್ಲಿ ನಲವತ್ತು ವರ್ಷ ಅವನು ದಿನಾ ಊಟದ ಎಲೆ ಕುಯ್ದವನು. ಯಾವ ಗಿಡದಲ್ಲಿ ಯಾವ ಎಲೆ ಬಿಡಬೇಕು, ಯಾವುದು ನಾಳೆಗೆ ಹದ ಎಂದು ಗಿಡಗಳ ಜೊತೆ ಮಾತಾಡಿಕೊಂಡೇ ಕುಯ್ಯುತ್ತಿದ್ದ. ಈಗ ಎಂಟು ತಿಂಗಳಿಂದ ಎಲೆ ಮಂಡಿಯ ದೇವರಾಜು ಕಳಿಸಿದ ಆಳುಗಳು ಬಂದು ಕುಯ್ಯುತ್ತಾರೆ. ಗಿಡಕ್ಕೆ ಉಸಿರಾಡಲು ಒಂದು ಎಲೆ ಬಿಟ್ಟರೆ ಅದೇ ಅವರ ದೊಡ್ಡ ದಯೆ. ದೇವರಾಜು ಇಡೀ ತೋಟವನ್ನೇ ಐದು ವರ್ಷದ ಗುತ್ತಿಗೆಗೆ ಕೇಳಿದ್ದ. ಸೋಮವಾರ ಹೇಳುತ್ತೇನೆ ಎಂದಿದ್ದ ದ್ಯಾವಯ್ಯ. ಇವತ್ತು ಶನಿವಾರ. ತಾನೇ ಎಲೆ ಕುಯ್ಯಲು ಸಾಧ್ಯವಾದರೆ ತೋಟ ತನ್ನದು, ಇಲ್ಲವಾದರೆ ದೇವರಾಜುವಿನದು. ಐದು ವರ್ಷ ಆದ ಮೇಲೆ ತಾನು ಇರುತ್ತೇನೋ ಇಲ್ಲವೋ, ಆ ಲೆಕ್ಕವನ್ನು ಅವನು ಹಾಕಲು ಹೋಗಲಿಲ್ಲ.

ಅವನ ಹಳೆಯ ಮಡಿಸುವ ಚಾಕುವೇನೂ ಕೆಟ್ಟಿರಲಿಲ್ಲ. ಕಳೆದ ತಿಂಗಳು ಅದನ್ನು ಜೇಬಿಗೆ ಹಾಕಿಕೊಂಡು ಒಬ್ಬನೇ ತೋಟಕ್ಕೆ ಹೋಗಿದ್ದ. ಬಿಚ್ಚಲಾಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ಎಳೆದ. ಮುಂದಿನ ಹಲ್ಲು ಅರ್ಧ ಮುರಿದು ಬಾಯೊಳಗೇ ಬಿತ್ತು. ಬಾಳೆಗಿಡದ ಬುಡದಲ್ಲಿ ಕೂತು ರಕ್ತ ಉಗುಳುತ್ತ, ತಪ್ಪೆಲ್ಲ ಈ ದರಿದ್ರ ಚಾಕುವಿನದು ಎಂದು ಅಂದೇ ತೀರ್ಮಾನ ಮಾಡಿಬಿಟ್ಟ. ಅಷ್ಟು ಸುಲಭಕ್ಕೆ ಸಿಕ್ಕ ತೀರ್ಮಾನವನ್ನು ಯಾರು ತಾನೆ ಬಿಟ್ಟುಕೊಡುತ್ತಾರೆ? ಅಲ್ಲಿಂದ ಒಂದು ತಿಂಗಳು ಅವನಿಗೆ ಚಾಕುವಿನದೇ ಧ್ಯಾನ.

ಧರ್ಮೇಂದ್ರ ಒಳಗೆ ಹೋಗಿ ರಟ್ಟಿನ ಪೆಟ್ಟಿಗೆಯೊಂದನ್ನು ತಂದ. ಅದರಲ್ಲಿದ್ದ ಚಾಕುವನ್ನು ಕೈಗೆ ಕೊಡದೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆ ಎನ್ನುವುದನ್ನು ಅವನ ಅಪ್ಪನೂ ಮೀರಿದವನಲ್ಲ.

ದೊಡ್ಡ ಚಾಕು. ಅಲಗಿನ ಬೆನ್ನಿನ ಹತ್ತಿರ ಹೆಬ್ಬೆರಳು ಕೂರುವಂತೆ ಒಂದು ಪುಟ್ಟ ಗುಂಡಿ. "ಇದು ಹೊಳಿಯೋ ಸ್ಟೀಲಲ್ಲ. ಒರೆಸ್ದೆ ಇಟ್ರೆ ತುಕ್ಕಿಡೀತದೆ. ಆದ್ರೆ ಸಾಣೆ ಕೊಟ್ರೆ ಆರು ತಿಂಗ್ಳು ಮಾತಾಡಂಗಿಲ್ಲ," ಎಂದು ಧರ್ಮೇಂದ್ರ ಕೀಲಿನ ಸ್ಕ್ರೂವನ್ನು ಒಂದಿಷ್ಟು ಸಡಿಲಿಸಿ, ಎರಡು ಹನಿ ಎಣ್ಣೆ ಬಿಟ್ಟ.

ದ್ಯಾವಯ್ಯ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು ತಳ್ಳಿದ. ಅಲಗು ಸರ್ರನೆ ಸುತ್ತಿ ಕಟಕ್ ಎಂದು ನಿಂತಿತು. ಇನ್ನೊಮ್ಮೆ. ಮತ್ತೊಮ್ಮೆ. ಮಡಿಸುವುದಕ್ಕೂ ಉಪಾಯವಿತ್ತು: ಹೆಬ್ಬೆರಳಿನಿಂದ ಒಳಗಿನ ತಗಡನ್ನು ಒತ್ತಿ, ಅಲಗಿನ ಬೆನ್ನನ್ನು ತೊಡೆಗೆ ಆನಿಸಿದರೆ ಆಯಿತು. ಅವನ ಕಣ್ಣಲ್ಲಿ ನೀರು ಬಂತು. ಎಂಟು ತಿಂಗಳಲ್ಲಿ ಪಂಚೆ ಉಡಲು, ಅಂಗಿಯ ಗುಂಡಿ ಹಾಕಲು, ಉಗುರು ತೆಗೆಯಲು ಎಲ್ಲದಕ್ಕೂ ಹೆಂಡತಿಯನ್ನು ಕೂಗಿದವನಿಗೆ, ಯಾರನ್ನೂ ಕೂಗದೆ ಮಾಡಿದ ಮೊದಲ ಕೆಲಸ ಇದು.

"ನೋಡ್ದಾ? ನಾನೇಳ್ಲಿಲ್ವಾ?"

"ಬಿಚ್ಕತು, ಸರಿ," ಎಂದ ಧರ್ಮೇಂದ್ರ. ಅವನ ನೋಟ ಟವೆಲಿನ ಕಡೆ ಹೋಗಿ ಬಂತು. "ಆದ್ರೆ ಗೌಡ್ರೆ..."

"ಆದ್ರೆ ಏನ್ಲಾ?"

"ಏನಿಲ್ಲ ಬುಡಿ. ಎಣ್ಣೆ ಬುಡ್ತಾ ಇರಿ."

ಮನೆಗೆ ಬಂದವನೇ ಅವನು ಹೆಂಡತಿಯನ್ನು ಕರೆದು ಜಗಲಿಯ ಮೇಲೆ ಕೂರಿಸಿದ. ಅಣ್ಣಮ್ಮ ಕೈಯಲ್ಲಿದ್ದ ಮೊರವನ್ನು ಪಕ್ಕಕ್ಕಿಟ್ಟು ನೋಡಿದಳು. ಕಟಕ್. ಮಡಿಸಿದ. ಕಟಕ್. ಹೊಸ ಆಟದ ಸಾಮಾನು ಸಿಕ್ಕ ಮಗುವಿನ ಹಾಗೆ ಐವತ್ತೆಂಟರ ಗಂಡ ಮಾಡುತ್ತಿದ್ದುದನ್ನು ನೋಡಿ ಅವಳು ನಗಬೇಕಿತ್ತು, ನಗಲಿಲ್ಲ.

"ಚೆಂದಾಗದೆ," ಎಂದಳು. ಚಾಕುವನ್ನೇ ನೋಡುತ್ತ, "ನಾಳೀಕೆ ತ್ವಾಟಕ್ಕೆ ನಾನೂ ಬರ್ಲಾ?" ಎಂದಳು.

"ನೀನ್ಯಾಕಮ್ಮಿ? ಬಿಚ್ಚೋಕೆ ನೀನು ಬೇಕಿಲ್ಲ ಅಂತ ತಾನೆ ಇದ ತಂದಿರೋದು."

"ಸುಮ್ಕೆ ಬತ್ತೀನಿ. ಎಲೆ ಎತ್ಕಂಡು ಬರೋಕೆ."

"ಬ್ಯಾಡ. ನಾನೊಬ್ನೇ ಹೋಯ್ತೀನಿ."

ಅಣ್ಣಮ್ಮ ಮೊರವನ್ನು ಎತ್ತಿಕೊಂಡಳು. ರಾಗಿಯಲ್ಲಿ ಕಲ್ಲೇ ಇರಲಿಲ್ಲ, ಆದರೂ ಬಹಳ ಹೊತ್ತು ಆರಿಸಿದಳು.

ಭಾನುವಾರ ಬೆಳಗ್ಗೆ ಬಿಸಿಲು ಏರುವ ಮೊದಲೇ ದ್ಯಾವಯ್ಯ ತೋಟದಲ್ಲಿದ್ದ. ನಾಲೆಯಲ್ಲಿ ನೀರು ಹರಿಯುತ್ತಿತ್ತು. ಆಳುಗಳ ಕಣ್ಣಿಗೆ ಬೀಳದೆ ಉಳಿದ ಒಂದು ಗಿಡದಲ್ಲಿ, ಅವನ ಎದೆಯ ಎತ್ತರಕ್ಕೆ, ಒಂದು ಎಲೆ ಹದವಾಗಿ ಬಿಚ್ಚಿಕೊಂಡಿತ್ತು. ಮದುವೆ ಮನೆಯ ಮೊದಲ ಪಂಕ್ತಿಗೆ ಹಾಕುವಂಥ ಎಲೆ. "ಬಂದೆ ಕಣವ್ವ," ಎಂದ ಅದಕ್ಕೆ. ಕೋಲನ್ನು ಪಕ್ಕದ ಗಿಡಕ್ಕೆ ಒರಗಿಸಿದ. ಕಾಲನ್ನು ಗಟ್ಟಿಯಾಗಿ ಊರಿ ಜೇಬಿನಿಂದ ಚಾಕು ತೆಗೆದ. ಕಟಕ್. ಆ ಸದ್ದನ್ನು ಕೇಳಿ ಅವನಿಗೆ ತಾನು ಸತ್ತಿಲ್ಲ ಎನ್ನಿಸಿತು.

ಅಲಗನ್ನು ಎಲೆಯ ಕತ್ತಿನ ಕೆಳಗೆ ದಂಟಿಗೆ ಇಟ್ಟು ಎಳೆದ. ಎಲೆ ತುಂಡಾಗದೆ ಚಾಕುವಿನ ಜೊತೆಗೇ ಬಾಗಿ ಬಂತು.

ಇನ್ನೊಮ್ಮೆ ಇಟ್ಟು ಒತ್ತಿದ. ಎಲೆ ಬಾಗಿತು, ಅಲಗು ಜಾರಿತು, ಎಲೆ ಮತ್ತೆ ಎದ್ದು ನಿಂತು ತೂಗಿತು. ಬೀಸಿ ಹೊಡೆದ. ದಂಟಿಗೆ ತಾಗದೆ ಎಲೆಗೆ ತಾಗಿ, ಅಂಚಿನಿಂದ ನಡುದಂಟಿನವರೆಗೆ ಪರ್ರನೆ ಸೀಳಿತು. ಅಲಗು ಎಷ್ಟು ಹರಿತವಾಗಿತ್ತೆಂದರೆ ಅದರ ಮೇಲೆ ತಪ್ಪು ಹೊರಿಸಲು ಎಲ್ಲೂ ಜಾಗವಿರಲಿಲ್ಲ.

ದ್ಯಾವಯ್ಯ ಚಾಕು ಹಿಡಿದುಕೊಂಡು ಸುಮ್ಮನೆ ನಿಂತ. ಆಗ ಅವನ ಎಡಭುಜ ತಾನಾಗಿಯೇ ಒಂದಿಷ್ಟು ಮುಂದೆ ಬಂತು. ಕೈ ಬರಲಿಲ್ಲ, ಭುಜ ಮಾತ್ರ ಬಂತು. ಅದು ಎಲೆಯ ಕತ್ತನ್ನು ಹಿಡಿಯಲು ಹೊರಟಿತ್ತು. ನಲವತ್ತು ವರ್ಷ ಎಡಗೈ ಹಾಗೆ ಹಿಡಿದುಕೊಂಡೇ ಇತ್ತು. ಹಿಡಿದು, ಬಾಗಿಸಿ, ಬಲಗೈ ಕುಯ್ದ ಮೇಲೆ ಎಲೆ ನೆಲಕ್ಕೆ ತಾಗದಂತೆ ಹೆಗಲಿಗೆ ಹಾಕುತ್ತಿತ್ತು. ಎಲೆ ಕುಯ್ಯುವುದು ಬಲಗೈ ಎಂದೇ ಅವನು ತಿಳಿದಿದ್ದ. ಚಾಕು ಇದ್ದದ್ದು ಆ ಕೈಯಲ್ಲಿ, ಹೆಸರು ಬಂದದ್ದೂ ಅದಕ್ಕೇ. ಎಡಗೈ ಏನು ಮಾಡುತ್ತಿದೆ ಎಂದು ಯಾರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಧರ್ಮೇಂದ್ರನ 'ಆದ್ರೆ' ಏನೆಂದು ಈಗ ಗೊತ್ತಾಯಿತು. ಅಣ್ಣಮ್ಮ ತಾನೂ ಬರುತ್ತೇನೆ ಎಂದದ್ದು ಏಕೆಂದೂ ಗೊತ್ತಾಯಿತು. ಎಲ್ಲರಿಗೂ ಗೊತ್ತಿತ್ತು, ತನಗೊಬ್ಬನಿಗೇ ಗೊತ್ತಿರಲಿಲ್ಲ. ಅವರು ಬಾಯಿ ಬಿಟ್ಟು ಹೇಳಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಹೇಳದೆ ಬಿಟ್ಟ ಅವರ ಕರುಣೆಯನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಬರಿಗೈಯಲ್ಲಿ ಮಾತ್ರ ಮನೆಗೆ ಹೋಗಲಾರೆ ಎನ್ನಿಸಿತು. ಎಲೆಯನ್ನು ಎದೆಯಿಂದ ದಿಂಡಿಗೆ ಒತ್ತಿ ಹಿಡಿದು, ಗದ್ದದಿಂದ ಅದುಮಿ, ಕಣ್ಣಿಗೆ ಕಾಣದ ಕಡೆ ಚಾಕುವನ್ನು ಗರಗಸದ ಹಾಗೆ ಆಡಿಸಿದ. ಬಾಳೆಯ ಸೊನೆ ಅಂಗಿಗೆಲ್ಲ ಬಳಿದುಕೊಂಡಿತು. ಕೊನೆಗೂ ಎಲೆ ಬಿತ್ತು, ಮೂರು ಕಡೆ ಹರಿದು.

ಮನೆಯಲ್ಲಿ ಅಣ್ಣಮ್ಮ ಅಂಗಿಯನ್ನು ನೋಡಿದಳು, ಎಲೆಯನ್ನು ನೋಡಿದಳು. ಎಲೆಯನ್ನು ತೊಳೆದು ಒರೆಸಿದಳು. ಊಟದ ಹೊತ್ತಿಗೆ ದಿನದ ಸ್ಟೀಲು ತಟ್ಟೆಯನ್ನು ತೆಗೆದಿಟ್ಟು, ಆ ಎಲೆಯನ್ನೇ ಅವನ ಮುಂದೆ ಹಾಸಿದಳು.

"ತಟ್ಟೆ ತತ್ತಾ," ಎಂದ ಅವನು.

"ಇರ್ಲಿ. ನೀನು ಕುಯ್ಕಂಡು ಬಂದಿರೋದು."

ಅವಳು ಅದನ್ನು ಪ್ರೀತಿಯಿಂದಲೇ ಹೇಳಿದಳು. ಬಿಸಿ ಮುದ್ದೆ ಇಟ್ಟು ಬಸ್ಸಾರು ಬಿಟ್ಟಳು. ಸಾರು ಮುದ್ದೆಯನ್ನು ಸುತ್ತಿ, ಸೀಳು ಸಿಕ್ಕ ಕಡೆ ಇಳಿದು, ನೆಲದ ಮೇಲೆ ಅವನ ಮಂಡಿಯತ್ತ ಹರಿಯತೊಡಗಿತು. ಅವನ ಬಲಗೈ ಮುದ್ದೆಯಲ್ಲಿತ್ತು. ತಡೆಯಲು ಬೇರೆ ಕೈ ಇರಲಿಲ್ಲ.

"ದೇವರಾಜುಗೆ ಫೋನ್ ಮಾಡ್ಬುಡು," ಎಂದ ಸಾರನ್ನೇ ನೋಡುತ್ತ. "ನಾಳೀಕ್ ಗಂಟ ಯಾಕೆ? ಇವತ್ತೇ ಯೋಳ್ಬುಡು."

ಅಣ್ಣಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. ಅವನ ಎಡಕ್ಕೆ ಬಂದು ಕುಕ್ಕರಗಾಲಲ್ಲಿ ಕೂತು, ಹರಿದ ಅಂಚನ್ನು ತನ್ನ ಎಡಗೈಯಿಂದ ಮೇಲಕ್ಕೆತ್ತಿದಳು. ಸಾರು ನಿಂತಿತು. ಅವನು ಒಂದು ತುತ್ತು ಮುರಿದುಕೊಂಡ, ಮತ್ತೊಂದು ಮುರಿದುಕೊಂಡ. ಅವನು ಉಂಡು ಮುಗಿಸುವವರೆಗೂ ಅವಳು ಎಲೆಯನ್ನು ಹಾಗೆಯೇ ಹಿಡಿದುಕೊಂಡಿದ್ದಳು.